ಗೇಟಿನ ಮೀನು

ಬೆಲೆ ಮೊದಲೇ ಹೇಳಿಬಿಡುತ್ತೇನೆ. ಅಂಗಡಿ ಇಟ್ಟವನು ನಾನು. ಬೆಲೆಯನ್ನು ಕೊನೆಗೆ ಹೇಳುವವರನ್ನು ಕಂಡರೆ ನನಗೇ ಅನುಮಾನ. ಅಬುಧಾಬಿಯ ಅಂಚಿನಲ್ಲಿ, ದೋಣಿ ರಿಪೇರಿಯ ಯಾರ್ಡುಗಳಿರುವ ಕಡೆ, ಒಬ್ಬ ಅರಬಿಯ ಖಾಸಗಿ ಜಾಗದ ಹಿಂದೆ ಕಡಲಿಗೆ ಕಟ್ಟಿದ ಉದ್ದದ ಕಾಂಕ್ರೀಟ್ ಗೋಡೆಯೊಂದಿದೆ. ಈಗ ಪ್ರತಿ ಶನಿವಾರ, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅದರ ಗೇಟು ತೆರೆಯುತ್ತದೆ. ಮೀನು ಹಿಡಿಯುವ ಲೈಸೆನ್ಸ್ ಇರುವ ಯಾರು ಬೇಕಾದರೂ ಒಳಗೆ ಹೋಗಿ ಗಾಳ ಹಾಕಬಹುದು. ಟ್ಯಾಕ್ಸಿ ಡ್ರೈವರುಗಳು ಬರುತ್ತಾರೆ, ಫಿಲಿಪೈನ್ಸಿನ ನರ್ಸುಗಳು ಬರುತ್ತಾರೆ, ಕೆಫೆಟೇರಿಯಾದಲ್ಲಿ ಪರೋಟ ಬಡಿಯುವವರು ಬರುತ್ತಾರೆ. ಒಬ್ಬನಿಗೆ ಮಾತ್ರ ಒಳಗೆ ಹೋಗುವ ಹಾಗಿಲ್ಲ. ಆ ಒಬ್ಬ ನಾನು.

ಅದೇ ಬೆಲೆ. ಒಂಬತ್ತು ವರ್ಷ ಕೂತು ಮೀನು ಹಿಡಿದ ಜಾಗವನ್ನು ನಾನು ಬಿಟ್ಟುಕೊಟ್ಟೆ. ಯಾಕೆ ಎಂದರೆ, ಒಬ್ಬ ಮನುಷ್ಯ ರಜಾದಿನದ ನಿದ್ದೆ ಬಿಟ್ಟು ಬಂದು ತನ್ನ ಕೈಯಾರೆ ಆ ಬೀಗ ತೆಗೆಯುವುದನ್ನು ನಾನು ನೋಡಬೇಕಿತ್ತು. ನೋಡುತ್ತಿದ್ದೇನೆ. ಬೆಲೆ ಹೆಚ್ಚಾಯಿತೆಂದು ಹೆಚ್ಚಿನ ದಿನಗಳಲ್ಲಿ ಅನ್ನಿಸುವುದಿಲ್ಲ.

ನನ್ನ ಅಂಗಡಿ ಅಲ್ ಮೀನಾದ ಹತ್ತಿರ. ಹಗ್ಗ, ಸರಪಳಿ, ಲೈಫ್ ಜಾಕೆಟ್, ದೋಣಿಯವರಿಗೆ ಬೇಕಾದ ಸಾಮಾನು. ಈ ದೇಶಕ್ಕೆ ಬಂದ ಹೊಸತರಲ್ಲಿ ಚಹಾದ ಲೋಟ ತೊಳೆದವನು ನಾನು. ಅಂಗಡಿ ಯಾರೂ ದಾನ ಕೊಟ್ಟದ್ದಲ್ಲ. ಮೀನಿಗೆ ಹೋಗುವಾಗ ನನ್ನ ಜೊತೆ ಇದ್ದವರು ಒಬ್ಬರು ಕ್ರಿಸ್ತುವರು, ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ. ನಮ್ಮ ಕರಾವಳಿಯ ಕಡೆ ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ, ಮುಸ್ಲಿಮನಾದ ನನ್ನನ್ನು ಅವರು ಬ್ಯಾರಿಗಳೇ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ವಾರವಿಡೀ ಬಿಸಿ ಹಬೆಯಲ್ಲಿ ಬೇರೆಯವರ ಬೆಡ್‌ಶೀಟು ಮಡಚುವ ಮನುಷ್ಯನಿಗೆ ವಾರಕ್ಕೊಂದು ಬೆಳಿಗ್ಗೆ ಕಡಲಗಾಳಿ ಸಿಗುತ್ತಿತ್ತು. ರಜೆ ಶುಕ್ರವಾರ ಇದ್ದಾಗ ಶುಕ್ರವಾರ, ಅದು ಬದಲಾದ ಮೇಲೆ ಶನಿವಾರ. ಮೀನುಮಾರುಕಟ್ಟೆಯಿಂದ ಬೊಂಡಾಸು, ಅಂದರೆ ಸ್ಕ್ವಿಡ್, ಕೊಂಡು ಸಣ್ಣಗೆ ಕತ್ತರಿಸಿ ಗಾಳಕ್ಕೆ ಸಿಕ್ಕಿಸುತ್ತಿದ್ದೆವು. ಸಿಕ್ಕಿದರೆ ಶೇರಿ ಮೀನು, ಇಲ್ಲದಿದ್ದರೆ ಮಾತು.

ಆ ಗೋಡೆಗೆ ನಾವು ಹೋದದ್ದು ಹೇಗೆಂದರೆ, ಆ ಅರಬಿಯ ಯಾರ್ಡಿನ ಆಫೀಸಿನಲ್ಲಿ ನಮ್ಮವನೊಬ್ಬ ಕ್ಲರ್ಕ್ ಇದ್ದ. ನಮ್ಮವ ಎಂದರೆ ನನ್ನದೇ ರೂಮಿನಲ್ಲಿ, ನನ್ನ ಮೇಲಿನ ಮಂಚದಲ್ಲಿ ಮಲಗಿದ್ದವ. ವಿಸಿಟ್ ವೀಸಾದಲ್ಲಿ ಬಂದು ಕೆಲಸವಿಲ್ಲದೆ ಕೂತಿದ್ದಾಗ ಆ ಯಾರ್ಡಿನ ಇಂಟರ್‌ವ್ಯೂ ಗೊತ್ತುಮಾಡಿಕೊಟ್ಟದ್ದು ನಾನು. ಹಾಕಿಕೊಂಡು ಹೋಗಲು ಅವನಿಗೆ ಒಳ್ಳೆಯ ಅಂಗಿ ಇರಲಿಲ್ಲ. ಈದ್‌ಗೆಂದು ಇಟ್ಟಿದ್ದ ನನ್ನ ಬಿಳಿ ಅಂಗಿಯನ್ನು ಪೊರ್ಬುಗಳು ತಮ್ಮ ಲಾಂಡ್ರಿಗೆ ಒಯ್ದು ಗಂಜಿ ಹಾಕಿ ಇಸ್ತ್ರಿ ಮಾಡಿ ತಂದರು. ಆ ಅಂಗಿಯಲ್ಲಿ ಹೋದವನಿಗೆ ಕೆಲಸ ಸಿಕ್ಕಿತು. ಅಂಗಿ ವಾಪಸ್ ಬರಲಿಲ್ಲ. ಅದಕ್ಕೆ ಬದಲು ಅವನು ಗೇಟಿನ ಕಾವಲುಗಾರನಿಗೆ ಒಂದು ಮಾತು ಹೇಳಿದ, ನಮಗೆ ಗೋಡೆ ಸಿಕ್ಕಿತು.

ಕಾವಲುಗಾರ ನೇಪಾಳದವನು. ನಮ್ಮಿಂದ ಏನೂ ಕೇಳಿದವನಲ್ಲ. ಮೊದಲ ದಿನ ಮೊದಲು ಸಿಕ್ಕಿದ ಮೀನನ್ನು ಪೊರ್ಬುಗಳೇ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಟ್ಟರು. ಅಲ್ಲಿಂದ ಅದೇ ಕ್ರಮವಾಯಿತು. ಮೊದಲ ಮೀನು, ದೊಡ್ಡದಿರಲಿ ಸಣ್ಣದಿರಲಿ, ಗೇಟಿಗೆ. ಕಾಯ್ದೆ ಹೇಳುವ ಅಳತೆಗಿಂತ ಸಣ್ಣ ಹಮೂರ್ ಮೀನು ಸಿಕ್ಕಿದರೆ ಅದು ಕಡಲಿಗೆ ವಾಪಸ್, ಲೆಕ್ಕಕ್ಕಿಲ್ಲ. ನಾವು ಬರುವುದನ್ನು ಕಂಡ ಇನ್ನೂ ನಾಲ್ಕು ಜನ ಬರತೊಡಗಿದರು. ಅವರೂ ಗೇಟಿನ ಮೀನು ಕೊಟ್ಟರು. ಒಂಬತ್ತು ವರ್ಷ ಹೀಗೆ. ಈ ಜಾಗದ ಯಜಮಾನನನ್ನು ಒಂದು ಮಾತು ಕೇಳೋಣ ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಒಳಗೆ ನಮ್ಮವ ಇದ್ದಾನಲ್ಲ, ಅರಬಾಬ್‌ಗೆ ಯಾಕೆ ಸುಮ್ಮನೆ ತೊಂದರೆ ಎಂಬುದು ನಮ್ಮ ಕರಾವಳಿಯವರ ಬುದ್ಧಿ. ಆ ಬುದ್ಧಿಯೇ ನಮ್ಮನ್ನು ಮುಳುಗಿಸಿತು.

ಕ್ಲರ್ಕ್ ಮ್ಯಾನೇಜರನಾದ. ಒಂದು ಚಳಿಗಾಲದ ಶನಿವಾರ, ಸೂರ್ಯ ಇನ್ನೂ ಕ್ರೇನುಗಳ ಹಿಂದೆ ಇದ್ದಾಗ, ಅವನ ಕಾರು ಗೋಡೆಯವರೆಗೂ ಬಂತು. ಬಿಳಿ ಅಂಗಿ, ಕೈಯಲ್ಲಿ ಫೋನು. ಪೊರ್ಬುಗಳು ಆಗಷ್ಟೇ ಒಂದು ಭಾರೀ ಶೇರಿ ಎಳೆದು ಬಕೆಟ್ಟಿಗೆ ಹಾಕಿದ್ದರು.

"ಎಂತ ಬ್ಯಾರಿಗಳೇ, ಇದು ನಿಮ್ಮ ಮನೆಯ ಹಿತ್ತಲಾ?" ಎಂದ.

ನಾನು ತಮಾಷೆ ಎಂದುಕೊಂಡೆ. "ನನ್ನದೂ ಅಲ್ಲ, ನಿನ್ನದೂ ಅಲ್ಲ ಮಾರಾಯ. ಕೂತುಕೋ, ಚಾ ಉಂಟು."

"ಇದು ಖಾಸಗಿ ಜಾಗ. ಇನ್ನು ಯಾರೂ ಬರ್ಲಿಕ್ಕಿಲ್ಲ. ಸೇಫ್ಟಿ. ಅರಬಾಬ್ ಆರ್ಡರ್." ನನ್ನ ಜೊತೆ ಮಾತು ಬೆಳೆಸಿದರೆ ಗೆಲ್ಲುವುದು ಕಷ್ಟವೆಂದು ಅವನಿಗೆ ಗೊತ್ತು. ಪೊರ್ಬುಗಳ ಕಡೆ ತಿರುಗಿ ಅವರ ಮುಖದ ಫೋಟೊ ತೆಗೆದ. "ಟ್ರೆಸ್‌ಪಾಸ್ ಕೇಸ್ ಅಂದ್ರೆ ಗೊತ್ತುಂಟಾ ನಿಮಗೆ? ಒಂದು ಕಂಪ್ಲೇಂಟ್ ಕೊಟ್ರೆ ವೀಸಾ ಎಂತ ಆಗ್ತದೆ ಗೊತ್ತುಂಟಾ?"

ಪೊರ್ಬುಗಳದು ಕೊನೆಯ ಕಾಂಟ್ರಾಕ್ಟ್. ಮುಗಿದ ಮೇಲೆ ಊರಿಗೆ. ಅಷ್ಟರೊಳಗೆ ಒಂದು ಪೊಲೀಸ್ ಕೇಸು ಬಿದ್ದರೆ ಇಷ್ಟು ವರ್ಷದ ದುಡಿಮೆಯ ಕೊನೆ ಹೇಗಾದೀತೆಂಬ ಹೆದರಿಕೆ ಅವರ ಮುಖದಲ್ಲಿ ಕಂಡಿತು. ಗಡಿಬಿಡಿಯಲ್ಲಿ ಗಾಳದ ದಾರ ಸುತ್ತತೊಡಗಿದರು. "ಸಾರಿ ಸರ್," ಎಂದರು. ತಮ್ಮ ಮಗನಿಗಿಂತ ಸಣ್ಣವನಿಗೆ, ತಾವೇ ಅಂಗಿಗೆ ಗಂಜಿ ಹಾಕಿಕೊಟ್ಟವನಿಗೆ, ಮೂರು ಸಲ ಸಾರಿ ಸರ್ ಎಂದರು. ಅವನು ಬೂಟಿನ ತುದಿಯಿಂದ ಬಕೆಟ್ಟನ್ನು ಒತ್ತಿದ. ಬಕೆಟ್ಟು ಮಗುಚಿತು, ಮೀನು ಕಾಂಕ್ರೀಟಿನ ಮೇಲೆ ಹೊರಳಿ ಕಡಲಿಗೆ ಬಿತ್ತು.

ನಾನು ಖಾಲಿ ಬಕೆಟ್ಟು ಎತ್ತಿಕೊಂಡೆ. ಕೋಪ ಬಂದಾಗ ಬೆಲೆ ಮಾತಾಡಬಾರದು. ಗೇಟಿನವರೆಗೂ ಪೊರ್ಬುಗಳು ತಲೆ ಎತ್ತಲಿಲ್ಲ. ಕಾವಲುಗಾರ ಬೇರೆ ಕಡೆ ನೋಡುತ್ತ ನಿಂತಿದ್ದ. ಕಾರಿನಲ್ಲಿ ಅವರು ಒಂದೇ ಮಾತು ಹೇಳಿದರು: "ಗೇಟಿನ ಮೀನು ಕೊಡ್ಲಿಕ್ಕೂ ಆಗ್ಲಿಲ್ಲ ಅಲ್ವಾ ಇವತ್ತು."

ಅಷ್ಟು ಸಾಕಾಯಿತು. ಆ ಮುದುಕರು ಊರಿಗೆ ಹೋಗುವ ಮೊದಲು ಅದೇ ಗೋಡೆಯ ಮೇಲೆ ಅವರನ್ನು ಕೂರಿಸಬೇಕು, ಗೇಟು ತೆಗೆಯುವವನು ಅವನೇ ಆಗಬೇಕು. ಅವತ್ತೇ ನಿಶ್ಚಯ ಮಾಡಿದೆ. ಹೇಗೆ ಎಂಬುದು ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ದುಬೈಯ ಊದ್ ಮೇಥಾದಲ್ಲಿ ನಡೆದ ನಮ್ಮ ಕಡೆಯವರ ಒಂದು ಸಂಘದ ಕಾರ್ಯಕ್ರಮ. ಶಾಲೆಯೊಂದರ ಹಾಲ್. ಬಹುಮಾನಕ್ಕೆ ನನ್ನ ಅಂಗಡಿಯಿಂದ ಐಸ್ ಬಾಕ್ಸ್ ಕೊಟ್ಟಿದ್ದರಿಂದ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಭಾಷಣಗಳ ನಡುವೆ ಪರದೆಯ ಮೇಲೆ ಸಂಘದ ವರ್ಷದ ಚಿತ್ರಗಳು ಬಂದವು: ರಕ್ತದಾನ, ಕ್ರಿಕೆಟ್, ಆಮೇಲೆ "ಪದಾಧಿಕಾರಿಗಳ ಮೀನು ವಿಹಾರ". ನೋಡುತ್ತೇನೆ, ನಮ್ಮ ಗೋಡೆ! ಪೊರ್ಬುಗಳು ಕೂರುತ್ತಿದ್ದ ಮೂಲೆಯಲ್ಲಿ ಮಡಿಚುವ ಕುರ್ಚಿಗಳು, ಇದ್ದಿಲ ಒಲೆ, ಕೋಳಿ. ನಡುವೆ ಬಿಳಿ ಅಂಗಿಯ ನಮ್ಮ ಮ್ಯಾನೇಜರ್. ಅವನ ಭುಜದ ಮೇಲೆ ಸಂಘದ ಅಧ್ಯಕ್ಷರ ಕೈ. ಅಧ್ಯಕ್ಷರ ಇನ್ನೊಂದು ಕೈಯಲ್ಲಿ ಒಂದು ಹಮೂರ್, ಅಂಗೈಯಷ್ಟು ಉದ್ದ. ಕಡಲಿಗೆ ಬಿಡಬೇಕಾದ ಮರಿ.

ಸೇಫ್ಟಿ! ದೊಡ್ಡವರಿಗೆ ಕೊಡಲೆಂದು ಸಣ್ಣವರಿಂದ ಕಿತ್ತುಕೊಂಡದ್ದು. ಮುಂದಿನ ವರ್ಷದ ಕಮಿಟಿಯಲ್ಲಿ ಅವನಿಗೊಂದು ಕುರ್ಚಿ ಬೇಕಿತ್ತು, ಅದಕ್ಕೆ ನಮ್ಮ ಗೋಡೆ ಕಾಣಿಕೆ. ಪಕ್ಕದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಮನೆಗೆ ಬಂದು ಯೋಚಿಸಿದೆ. ಈ ವಿಷಯ ಅರಬಾಬ್‌ಗೆ ಹೇಳಿದರೆ ಅವನ ಕೆಲಸ ಹೋದೀತು. ಕೆಲಸ ಹೋದರೆ ಊರಿಗೆ ಹೋಗುತ್ತಾನೆ. ಊರಿಗೆ ಹೋದವನ ಮೇಲೆ ಇಲ್ಲಿ ಕೂತು ಸೇಡು ತೀರಿಸುವುದು ಹೇಗೆ? ನನಗೆ ಅವನು ಇಲ್ಲೇ ಬೇಕಿತ್ತು, ಬೀಗದ ಕೈ ಹಿಡಿದುಕೊಂಡು.

ಯಜಮಾನರ ಮನೆ ಖಲೀಫಾ ಸಿಟಿಯಲ್ಲಿ. ಸಂಜೆ ಹೊತ್ತು ಅವರ ಮಜ್ಲಿಸ್‌ನ ಬಾಗಿಲು ತೆರೆದೇ ಇರುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು ಎಂದು ನನ್ನ ಗಿರಾಕಿಯೊಬ್ಬರು ಹೇಳಿದರು. ಒಂಬತ್ತು ವರ್ಷ ಈ ಒಂದು ಮಾತು ಯಾರನ್ನೂ ಕೇಳಿರಲಿಲ್ಲ ನಾನು! ಅಂಗಡಿಯಿಂದ ಒಂದು ಕಿತ್ತಳೆ ಬಣ್ಣದ ಲೈಫ್ ರಿಂಗ್ ತೆಗೆದುಕೊಂಡು ಹೋದೆ. ಚಪ್ಪಲಿ ಬಿಟ್ಟು, ಸಲಾಂ ಹೇಳಿ, ಅದನ್ನು ಅವರ ರತ್ನಗಂಬಳಿಯ ಮೇಲೆ ಇಟ್ಟೆ. ಕೂತಿದ್ದ ನಾಲ್ಕೈದು ಮಂದಿ ನಕ್ಕರು.

"ಇಲ್ಲಿ ಯಾರೂ ಮುಳುಗುತ್ತಿಲ್ಲವಲ್ಲ," ಎಂದರು ಯಜಮಾನರು. ಎಪ್ಪತ್ತು ದಾಟಿದ ಮನುಷ್ಯ, ಗಹ್ವಾ ಕಾಫಿಯ ಪುಟ್ಟ ಬಟ್ಟಲು ನನ್ನ ಕಡೆ ತಳ್ಳಿದರು.

ಅಂಗಡಿಯಲ್ಲಿ ಕಲಿತ ನನ್ನ ಅರಬಿಯಲ್ಲಿ ಎಲ್ಲ ಹೇಳಿದೆ. ಗೋಡೆ, ಶೇರಿ, ಪೊರ್ಬುಗಳ ಲಾಂಡ್ರಿ, ಗೇಟಿನ ಮೀನು. ಬಕೆಟ್ಟಿನ ವಿಷಯ ಹೇಳಲಿಲ್ಲ, ಪರದೆಯ ವಿಷಯವಂತೂ ಇಲ್ಲವೇ ಇಲ್ಲ. ಅವರ ಮುಖ ಗಂಭೀರವಾಯಿತು.

"ಒಂಬತ್ತು ವರ್ಷ? ನನ್ನ ಜಾಗದಲ್ಲಿ? ಯಾರನ್ನು ಕೇಳಿ?"

"ನಿಮ್ಮ ಆಫೀಸಿನವರನ್ನು."

"ನನ್ನ ಮನೆಗೆ ಬಾಗಿಲಿಲ್ಲವೇ?"

ವ್ಯಾಪಾರದಲ್ಲಿ ತಪ್ಪು ನಮ್ಮದಾದಾಗ ಒಪ್ಪಿಕೊಳ್ಳುವುದೇ ಅಗ್ಗ. ಒಪ್ಪಿಕೊಂಡೆ. ಅವರು, ತಾವು ಹುಡುಗರಾಗಿದ್ದಾಗ ಆ ಕಡಲಕರೆಯಲ್ಲಿ ಗೋಡೆಯೂ ಇರಲಿಲ್ಲ, ಬೇಲಿಯೂ ಇರಲಿಲ್ಲ, ಬಂದವರೆಲ್ಲ ದಾರ ಎಸೆಯುತ್ತಿದ್ದರು ಎಂದರು. ಆಮೇಲೆ ನಿಜವಾದ ಹೆದರಿಕೆ ಬಾಯಿಗೆ ಬಂತು. "ನಾಳೆ ಒಬ್ಬ ನೀರಿಗೆ ಬಿದ್ದರೆ ಉತ್ತರ ಹೇಳಬೇಕಾದವನು ನಾನು."

ನಾನು ಲೈಫ್ ರಿಂಗ್ ತೋರಿಸಿದೆ. "ಅದಕ್ಕೇ ಇದನ್ನು ತಂದದ್ದು. ಇಪ್ಪತ್ತು ಹೆಜ್ಜೆಗೊಂದು ಇರಲಿ. ತಗ್ಗಿನ ಕಡೆ ಸರಪಳಿಯ ತಡೆ. ಎಲ್ಲ ನನ್ನ ಅಂಗಡಿಯಿಂದ, ನನ್ನ ಕಡೆಯಿಂದ. ಲೈಸೆನ್ಸ್ ಇಲ್ಲದವರಿಗೆ ಪ್ರವೇಶವಿಲ್ಲ. ಹತ್ತು ಗಂಟೆಗೆ ಗುಡಿಸಿ, ತೊಳೆದು, ಹೊರಗೆ. ಒಂದು ವರ್ಷ ನೋಡಿ. ಸರಿಯಾಗದಿದ್ದರೆ ಖಲಾಸ್, ಮುಚ್ಚಿಬಿಡಿ."

"ನಾಳೆ ಬಾ," ಎಂದರು. "ಮ್ಯಾನೇಜರನನ್ನೂ ಕರೆಯುತ್ತೇನೆ."

ಮರುದಿನ ಅವನು ನನಗಿಂತ ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದ. ಮುಖ ನೋಡಿದರೆ ಸಾಕು, ರಕ್ತ ಕುದಿಯುತ್ತಿತ್ತು. ಕೈ ಕುಲುಕುವ ನೆವದಲ್ಲಿ ಬೆರಳು ಹಿಂಡಿದ.

"ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಾ ಬ್ಯಾರಿಗಳೇ?"

"ಛೆ ಛೆ. ನಿಮ್ಮ ಅಧ್ಯಕ್ಷರು ಹೇಗಿದ್ದಾರೆ?" ಎಂದೆ. "ಊದ್ ಮೇಥಾದಲ್ಲಿ ಪರದೆ ಮೇಲೆ ನೋಡಿದೆ. ಆ ಹಮೂರ್ ಎಷ್ಟು ಉದ್ದ ಇತ್ತು ಮಾರಾಯ? ಅಳತೆ ಮಾಡಿದ್ರಾ?"

ಬೆರಳು ಸಡಿಲವಾಯಿತು. ಬಾಗಿಲಲ್ಲಿ ಯಜಮಾನರು ನಿಂತು ಏನು ಮಾತು ಎಂದು ಕೇಳಿದರು. "ಕ್ಷೇಮ ಸಮಾಚಾರ," ಎಂದೆ ನಾನು.

ಒಳಗೆ ಅವನು ಯಾವುದಕ್ಕೂ ಅಡ್ಡ ಹೇಳಲಿಲ್ಲ. ರಿಂಗ್ ಸರಿ, ಸರಪಳಿ ಸರಿ, ಲೈಸೆನ್ಸ್ ಸರಿ. ಕೊನೆಗೆ ಒಂದೇ ಮಾತು: "ಎಲ್ಲರೂ ಬರಲಿ ಅರಬಾಬ್. ಇವರೊಬ್ಬರು ಬೇಡ. ಇವರು ವ್ಯಾಪಾರಿ. ಇವತ್ತು ಗಾಳ ಹಾಕುತ್ತಾರೆ, ನಾಳೆ ಗೋಡೆಯೇ ತನ್ನದೆನ್ನುತ್ತಾರೆ. ಇವರು ಒಳಗಿದ್ದರೆ ನನ್ನ ಮಾತು ಯಾರು ಕೇಳುತ್ತಾರೆ?"

ಯಜಮಾನರು ನನ್ನ ಮುಖ ನೋಡಿದರು. ಇವನು ಹಟ ಹಿಡಿಯುತ್ತಾನೆ, ಜಗಳ ಎಬ್ಬಿಸುತ್ತಾನೆ, ಮಾತು ಮುರಿದು ಬೀಳುತ್ತದೆ ಎಂಬುದು ಮ್ಯಾನೇಜರನ ಲೆಕ್ಕ. ನನ್ನ ಹತ್ತಿರವೇ ಕಲಿತ ಲೆಕ್ಕ ಅದು.

"ಒಪ್ಪಿದೆ," ಎಂದೆ. "ನಾನು ಕಾಲಿಡುವುದಿಲ್ಲ. ಆದರೆ ನನ್ನದೂ ಮೂರು ಮಾತು ಇದೆ."

ಅವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ನಾನು ಬಿಡಲಿಲ್ಲ. ಮೊದಲನೆಯದು, ಹೆಸರಿನ ಪಟ್ಟಿ, ಪರಿಚಯ, ಫೋನ್ ಶಿಫಾರಸು ಯಾವುದೂ ಬೇಡ. ಲೈಸೆನ್ಸ್ ಇದ್ದವರೆಲ್ಲ ಸಮ, ಮೊದಲು ಬಂದವರಿಗೆ ಮೊದಲ ಜಾಗ. ಎರಡನೆಯದು, ಬೀಗದ ಕೈ ಜವಾಬ್ದಾರಿಯ ವಸ್ತು, ಬೇರೆ ಯಾರ ಕೈಗೂ ಹೋಗಬಾರದು. ಮ್ಯಾನೇಜರರೇ ಬಂದು ತೆರೆಯಲಿ, ಹತ್ತು ಗಂಟೆಗೆ ಅವರೇ ಮುಚ್ಚಲಿ. ಮೂರನೆಯದು, ಗೇಟಿನ ಮೀನಿನ ಕ್ರಮ ನಿಲ್ಲಬಾರದು. ಗೇಟು ತೆಗೆದವರ ಕೈಗೇ, ಎಲ್ಲರ ಎದುರಿಗೆ.

ಮೂರನೆಯ ಮಾತು ಕೇಳಿ ಯಜಮಾನರು ಮನಸಾರೆ ನಕ್ಕರು. "ಅದು ಅವನ ಹಕ್ಕು!" ಎಂದು ಮ್ಯಾನೇಜರನ ಬೆನ್ನು ತಟ್ಟಿದರು. ಅವನು ಥ್ಯಾಂಕ್ಯೂ ಹೇಳಬೇಕಾಯಿತು.

ಪೊರ್ಬುಗಳಿಗೆ ಹೇಳಿದಾಗ ಬೈದರು. "ತಲೆ ಸರಿ ಉಂಟಾ ನಿಮಗೆ? ನೀವಿಲ್ಲದ ಗೋಡೆ ನನಗೆ ಎಂತಕ್ಕೆ? ಯಾರ ಹತ್ರ ಮಾತಾಡುದು ನಾನು, ಬೊಂಡಾಸಿನ ಹತ್ರವಾ?"

"ನೀವು ಬರದಿದ್ರೆ ನಾನು ಕೊಟ್ಟದ್ದು ನೀರಿಗೆ ಹೋಗ್ತದೆ," ಎಂದೆ. ಬಂದರು.

ಮೊದಲ ಶನಿವಾರ ನಾನು ಬೇಲಿಯ ಹೊರಗೆ ಮರಳಿನ ಮೇಲೆ, ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಆರಕ್ಕೆ ಐದು ನಿಮಿಷ ಇರುವಾಗ ಅವನ ಕಾರು ಬಂತು. ಕಣ್ಣು ಊದಿತ್ತು. ಬೀಗ ತೆಗೆಯುವ ಸದ್ದು ನಾನು ಇಲ್ಲಿವರೆಗೆ ಕೇಳಿದ ಸದ್ದುಗಳಲ್ಲೇ ಸಿಹಿ. ಸಾಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಒಬ್ಬೊಬ್ಬರ ಫೋನಿನಲ್ಲೂ ಲೈಸೆನ್ಸ್ ನೋಡಿ ಒಳಗೆ ಬಿಡಬೇಕು ಅವನು. ಆರೂಕಾಲಕ್ಕೆ ಒಂದು ದೊಡ್ಡ ಕಾರಿನಲ್ಲಿ ಅಧ್ಯಕ್ಷರು ಬಂದಿಳಿದರು, ಜೊತೆಗೆ ನನ್ನ ಅಂಗಡಿಯದೇ ಐಸ್ ಬಾಕ್ಸ್.

"ಎಂತ ಸಾಲು ಇದು?" ಎಂದರು ಅಧ್ಯಕ್ಷರು.

"ಸರ್, ಲೈಸೆನ್ಸ್..." ಎಂದ ಮ್ಯಾನೇಜರ್, ನೆಲ ನೋಡುತ್ತ.

"ನನ್ನ ಹತ್ರ ಕೇಳ್ತೀಯಾ ನೀನು?"

ಹಿಂದೆ ನಿಂತಿದ್ದ ಟ್ಯಾಕ್ಸಿ ಡ್ರೈವರೊಬ್ಬ, "ಯಲ್ಲಾ ಚಾಚಾ, ದಿಖಾವೋ ಯಾ ಹಟೋ," ಎಂದ, ತೋರಿಸು ಇಲ್ಲವೇ ಸರಿದುಕೋ ಎಂದು. ಸಾಲು ನಕ್ಕಿತು. ಅಧ್ಯಕ್ಷರ ಹತ್ತಿರ ಲೈಸೆನ್ಸ್ ಇರಲಿಲ್ಲ. ಕಾರಿನ ಬಾಗಿಲು ಬಡಿದ ರೀತಿಯಲ್ಲೇ ಗೊತ್ತಾಯಿತು, ಕಮಿಟಿಯ ಕುರ್ಚಿ ಅಲ್ಲಿಗೆ ಮುಗಿಯಿತು.

ಆ ದಿನದ ಮೊದಲ ಮೀನು ಬಿದ್ದದ್ದು ಪೊರ್ಬುಗಳ ಗಾಳಕ್ಕೆ. ಸಣ್ಣ ಶೇರಿ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ನೀರು ತೊಟ್ಟಿಕ್ಕಿಸುತ್ತ, ಗೋಡೆಯುದ್ದಕ್ಕೂ ನಡೆದು ಬಂದರು. ಎಲ್ಲರೂ ತಿರುಗಿ ನೋಡಿದರು. "ತಗೊಳ್ಳಿ ಸರ್. ಗೇಟಿನ ಮೀನು," ಎಂದರು. ಅವರ ದನಿಯಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ. ಅದರಿಂದಲೇ ಅದು ಇನ್ನೂ ಚೆನ್ನಾಗಿ ತಾಗಿತು. ಅವನು ಕೈ ಚಾಚಿದ. ಮೀನು ಒಮ್ಮೆ ಒದ್ದಾಡಿತು. ಬಿಳಿ ಅಂಗಿಯ ಎದೆಯ ಮೇಲೆ ಲೋಳೆ, ಹುರುಪೆ, ರಕ್ತದ ಒಂದು ಗೆರೆ. ಆ ಅಂಗಿಗೆ ಗಂಜಿ ಯಾರು ಹಾಕಿದರೋ, ನಮಗಂತೂ ಗೊತ್ತಿಲ್ಲ.

ಹೀಗೇ ನಡೆಯುತ್ತ ಮಾರ್ಚ್ ಬಂತು. ಪೊರ್ಬುಗಳ ಕಾಂಟ್ರಾಕ್ಟ್ ಮುಗಿಯಿತು. ಅವರ ಕೊನೆಯ ಶನಿವಾರ ಮೊದಲ ಮೀನು ಮತ್ತೆ ಅವರಿಗೇ ಸಿಕ್ಕಿತು, ಈ ಸಲ ದೊಡ್ಡದು, ಬಕೆಟ್ಟಿನಿಂದ ಬಿದ್ದುಹೋದದ್ದರಷ್ಟು. ಅವರು ಗೇಟಿಗೆ ಹೋಗಲಿಲ್ಲ. ಬೇಲಿಯ ಹತ್ತಿರ ಬಂದು, ಕಂಬದ ಸಂದಿಯಿಂದ ನನ್ನ ಕಡೆ ಚಾಚಿದರು.

"ಇವತ್ತಿನದ್ದು ನಿಮಗೆ ಬ್ಯಾರಿಗಳೇ. ತಗೊಳ್ಳಿ."

ಅವರ ಹಿಂದೆ ಮ್ಯಾನೇಜರ್ ನೋಡುತ್ತಿದ್ದ. ಒಂದು ಶನಿವಾರವಾದರೂ ಗೇಟಿನ ಮೀನು ತಪ್ಪಿತೆಂಬ ಸಮಾಧಾನ ಆ ಮುಖದಲ್ಲಿ ಬರುತ್ತಿರುವುದನ್ನು ಕಂಡೆ.

"ಕ್ರಮ ಬಿಡ್ಲಿಕ್ಕಿಲ್ಲ ಪೊರ್ಬುಗಳೇ," ಎಂದೆ. "ಅವನಿಗೇ ಕೊಡಿ."

ಪೊರ್ಬುಗಳು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. "ಸಾಕು ಮಾರಾಯ್ರೇ," ಎಂದರು ಮೆಲ್ಲಗೆ. "ನಂಗೆ ಸಾಕಾಗಿ ತುಂಬ ದಿನ ಆಯ್ತು." ಆದರೂ ಹೋಗಿ ಅವನಿಗೇ ಕೊಟ್ಟರು. ಆ ವಾರದ ವಿಮಾನಕ್ಕೆ ಹೋದರು. ಏರ್‌ಪೋರ್ಟಿನಲ್ಲಿ ತಬ್ಬಿಕೊಂಡರು, ಮೀನಿನ ಮಾತು ತೆಗೆಯಲಿಲ್ಲ.

ಆ ಮೀನು ತೆಗೆದುಕೊಳ್ಳಬಹುದಿತ್ತು ಎಂದು ವಾರದ ನಡುವೆ ಕೆಲವೊಮ್ಮೆ ಅನ್ನಿಸುತ್ತದೆ. ಆಮೇಲೆ ಶನಿವಾರ ಬರುತ್ತದೆ, ಬೀಗದ ಸದ್ದು ಕೇಳುತ್ತದೆ, ಮರೆತುಹೋಗುತ್ತದೆ.

ನಿಮಗೆ ಇಂಥದೇ ಒಂದು ಗೋಡೆಯೋ ಕಡಲಕರೆಯೋ ಬೇಕಿದ್ದರೆ ನನ್ನ ಮಾತು ಕೇಳಿ. ಲೈಸೆನ್ಸ್ ಮಾಡಿಸಿಕೊಳ್ಳಿ, ಅದು ಫೋನಿನಲ್ಲೇ ಆಗುತ್ತದೆ, ನೆವ ಹೇಳಬೇಡಿ. ಜಾಗ ಯಾರದೋ ಅವರನ್ನೇ ಕೇಳಿ; ಒಳಗಿರುವ ನಮ್ಮವನನ್ನು ಕೇಳಿದರೆ ನಾಳೆ ಅವನ ಮನಸ್ಸು ಬದಲಾದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕೇಳಲು ಹೋಗುವಾಗ ನಿಮ್ಮ ಆಸೆಯನ್ನು ಮೊದಲು ಹೇಳಬೇಡಿ. ಯಜಮಾನರ ಹೆದರಿಕೆ ಯಾವುದೆಂದು ಯೋಚಿಸಿ, ಅದಕ್ಕೆ ಬೇಕಾದ ಸಾಮಾನು ಕೈಯಲ್ಲೇ ಒಯ್ಯಿರಿ. ಯಾರದಾದರೂ ಫೋಟೊ ನಿಮಗೆ ಸಿಕ್ಕಿದ್ದರೆ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಇಲ್ಲಿ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ, ಅಲ್ಲದೆ ಹೊರಗೆ ಬಂದ ಗುಟ್ಟಿಗೆ ತೂಕ ಉಳಿಯುವುದಿಲ್ಲ. ಎದುರಾಳಿ ಒಂದು ಷರತ್ತು ಹಾಕಿದರೆ ಕೂಡಲೇ ಒಪ್ಪಿ, ಅವನು ಬೆಪ್ಪಾಗಿರುವಾಗಲೇ ನಿಮ್ಮ ಮೂರನ್ನು ಹೇಳಿಬಿಡಿ.

ಒಪ್ಪುವ ಮೊದಲು ಮಾತ್ರ ಬೇಲಿಯ ಹೊರಗೆ ಒಂದು ಸುತ್ತು ಹಾಕಿ, ಎಲ್ಲಿ ನೆರಳಿದೆ ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ. ಅಲ್ಲಿ ಎಂಟು ಗಂಟೆಗೇ ಬಿಸಿಲು ನೆತ್ತಿ ಸುಡುತ್ತದೆ. ಒಂದು ಮಡಿಚುವ ಕುರ್ಚಿ, ಒಂದು ಕೊಡೆ, ಎರಡು ಲೋಟ ಚಹಾ ಹಿಡಿಯುವ ಫ್ಲಾಸ್ಕ್ ಇರಲಿ. ಜೊತೆಗೆ ಕೂರುವವರು ಊರಿಗೆ ಹೋದ ಮೇಲೆ ಒಂದು ಲೋಟದ್ದಾದರೂ ಸಾಕಾಗಬಹುದು.